ಮಳೆಗೂ ಹಾಜರಿಗೂ ಇರುವ ಸಂಬಂಧ

ಕಳೆದ ಜುಲೈನಲ್ಲಿ ಹೊನ್ನಾವರದ ಆ ಕಾಲೇಜಿಗೆ ಮತ್ತೊಮ್ಮೆ ಹೋಗಬೇಕಾಗಿ ಬಂತು. ಕಾರಿಡಾರಿನ ಉದ್ದಕ್ಕೂ ಬಿಚ್ಚಿಟ್ಟ ಕೊಡೆಗಳು ಒಣಗುತ್ತಿದ್ದವು. ಒದ್ದೆ ಕೊಡೆಯ ಬಟ್ಟೆಗೆ ಅದರದ್ದೇ ಒಂದು ವಾಸನೆ ಇದೆ, ತುಕ್ಕು, ಮುಗ್ಗಲು, ಬಸ್ಸಿನ ಸೀಟು ಎಲ್ಲ ಸೇರಿದ್ದು. ಅದು ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತುಬಿಟ್ಟಿತು. ಕರೆಯಲು ಬಂದಿದ್ದ ಯುವ ಉಪನ್ಯಾಸಕಿ, ‘ಮೇಡಂ, ಹಾಲ್ ಆ ಕಡೆ’ ಎಂದು ಎರಡು ಸಲ ಹೇಳಿದಳಂತೆ. ನಾನು ಅಲ್ಲಿಗೆ ಹೋಗಿದ್ದು ಕಾಲೇಜು ಅಧ್ಯಾಪಕರಿಗೆ ಒಂದು ಉಪನ್ಯಾಸ ಕೊಡಲಿಕ್ಕೆ: ಸಂಖ್ಯಾಶಾಸ್ತ್ರದ ಪಾಠದಲ್ಲಿ ನಿಜವಾದ ಅಂಕಿಅಂಶಗಳನ್ನು ಬಳಸುವುದು ಹೇಗೆ. ಎಷ್ಟೋ ವರ್ಷಗಳ ಹಿಂದೆ, ದೇಶದ ಜನಗಣತಿಗೆ ಮುಂಚಿನ ವರ್ಷದ ಮಳೆಗಾಲದಲ್ಲಿ, ಇದೇ ಮಾತನ್ನು ಈ ಕಾಲೇಜೂ ಸೇರಿ ಊರೂರಿಗೆ ನಾನು ಹೇಳಿಕೊಂಡು ತಿರುಗಿದ್ದೆ. ಆಗ ನನಗೆ ಆ ಮಾತಿನ ಮೇಲೆ ಇದ್ದ ನಂಬಿಕೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ವರ್ಷದ ದಿನಚರಿ ನನ್ನ ಬಳಿ ಇದೆ. ತೆಗೆದು ನೋಡಿದೆ. ಬಸ್ಸು ಎಷ್ಟಕ್ಕೆ ಸಿಕ್ಕಿತು, ಯಾವ ಪಾಠ ಆಯಿತು, ಯಾವ ಸೀರೆ ನೆಂದಿತು, ಇಂಥವೇ ತುಂಬಿವೆ. ಮುಖ್ಯವಾದದ್ದು ನಡೆದ ದಿನ ಬರೇ ‘ಹೊನ್ನಾವರ. ಮಳೆ.’ ಎಂದು ಬರೆದು ಬಿಟ್ಟಿದ್ದೇನೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ಮನಸ್ಸು ಹೊಲಿದುಕೊಂಡದ್ದು ಎಂದು ಖಾತ್ರಿಯಾಗಿ ಹೇಳಲಾರೆ. ಆಡಿದ ಮಾತುಗಳು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಕಿವಿಯಲ್ಲಿವೆ.

ಆಗ ನಾನು ಕುಮಟೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕಿ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಹೊಳನಗದ್ದೆಯ ಮನೆಗೆ ಬಂದವಳು. ನಾವು ಕಲಿಸುತ್ತಿದ್ದ ಪುಸ್ತಕದ ಲೆಕ್ಕಗಳೆಲ್ಲ ಎಲ್ಲಿಯದೋ ಬಲ್ಬ್ ಕಾರ್ಖಾನೆಯವು, ಯಾವುದೋ ದೇಶದ ಗೋಧಿ ಹೊಲದವು. ನಮ್ಮ ಹುಡುಗರು ಗೋಧಿ ಹೊಲವನ್ನು ಕಂಡವರೇ ಅಲ್ಲ. ಸರಾಸರಿ ತೆಗೆಯುತ್ತಿದ್ದರು, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು, ಅದು ಏನು ಹೇಳುತ್ತಿದೆ ಎಂದು ಕೇಳಿದರೆ ಮುಖ ನೋಡುತ್ತಿದ್ದರು. ಆ ಬೇಸಿಗೆಯಲ್ಲಿ ವಿಶ್ವವಿದ್ಯಾಲಯ ಅಧ್ಯಾಪಕರಿಗೆ ಒಂದು ತರಬೇತಿ ಇಟ್ಟಿತ್ತು. ಅಲ್ಲಿ ಒಬ್ಬರು ಹಿರಿಯ ಪ್ರೊಫೆಸರು, ಮಕ್ಕಳಿಗೆ ಅವರ ಸುತ್ತಲಿನ ಅಂಕಿಯನ್ನೇ ಕೊಡಿ, ಅವರೇ ಅಳೆಯಲಿ, ಅವರೇ ಬರೆಯಲಿ ಎಂದರು. ನನಗೆ ಕಿಟಕಿ ತೆರೆದ ಹಾಗಾಯಿತು. ಕರಾವಳಿಯ ಕಾಲೇಜುಗಳಿಗೆ ಹೋಗಿ ಇದನ್ನು ಹೇಳುವವರು ಯಾರು ಎಂದು ಅವರು ಕೇಳಿದಾಗ ಮೊದಲು ಎತ್ತಿದ ಕೈ ನನ್ನದು. ಕುಮಟೆಯ ಪಾಠ ಮುಗಿಸಿ ವಾರದಲ್ಲಿ ಒಂದು ದಿನ ಹೊನ್ನಾವರಕ್ಕೆ, ಒಂದು ದಿನ ಭಟ್ಕಳಕ್ಕೆ ಹೋಗುವುದೆಂದು ಗೊತ್ತಾಯಿತು.

ಒಪ್ಪಿಸುವುದು ಸುಲಭವಿರಲಿಲ್ಲ. ಭಟ್ಕಳದ ಇಕ್ಬಾಲ್ ಸರ್ ನನಗಿಂತ ತುಂಬ ಹಿರಿಯರು, ಅರ್ಥಶಾಸ್ತ್ರದವರು, ಸಂಖ್ಯಾಶಾಸ್ತ್ರವನ್ನೂ ನೋಡಿಕೊಳ್ಳುತ್ತಿದ್ದರು. ನಾನು ಮಾತು ಮುಗಿಸುವವರೆಗೆ ಸುಮ್ಮನೆ ಕೇಳಿ, ಚಹಾ ತರಿಸಿ, ‘ಅರೆ ಮೇಡಂ, ಪುಸ್ತಕದ ಬಲ್ಬು ಯಾವತ್ತೂ ಬಂದು ನನ್ನ ಜೊತೆ ಜಗಳ ಮಾಡಿಲ್ಲ’ ಎಂದರು.

‘ಜಗಳ ಯಾಕೆ ಆಗ್ತದೆ ಸರ್?’

‘ನಿಜ ಅಂದ್ರೆ ಯಾರದ್ದಾದ್ರೂ ಇರ್ಬೇಕಲ್ಲ.’

ಕೊನೆಗೆ ಅವರು ಒಪ್ಪಿಕೊಂಡದ್ದು ಬಸ್ಸಿಗೆ. ಮಾವಳ್ಳಿ ಕಡೆಯಿಂದ ಬರುವ ಬೆಳಗಿನ ಬಸ್ಸು ದಿನವೂ ಎಷ್ಟು ತಡ ಎಂದು ಅವರ ಹುಡುಗರು ಬರೆದಿಟ್ಟರು. ‘ಬಸ್ಸಿಗೆ ನಾಚಿಕೆ ಇಲ್ಲ ಮೇಡಂ, ಎಷ್ಟು ಬೇಕಾದ್ರೂ ಅಳೀಬಹುದು’ ಎಂದು ನಕ್ಕರು. ನಾನೂ ನಕ್ಕೆ. ಒಳಗೊಳಗೆ, ಪಾಪ ಹಳೆಯ ಕಾಲದವರು, ಧೈರ್ಯ ಕಡಿಮೆ ಎಂದುಕೊಂಡೆ.

ಹೊನ್ನಾವರದ ನಾಯ್ಕ ಸರ್ ಹಾಗಲ್ಲ. ನನ್ನದೇ ವಯಸ್ಸಿನವರು. ಮಾವಳ್ಳಿಯ ಹತ್ತಿರದ ಗದ್ದೆ ಕೆಲಸದ ಮನೆಯಿಂದ ಓದಿ ಬಂದವರು. ನಾನು ಅರ್ಧ ಹೇಳುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ‘ಮೇಡಂ, ಮಳೆ! ನಮ್ಮಲ್ಲಿ ಎಂತ ಇಲ್ದಿದ್ರೂ ಮಳೆ ಇದೆ. ಮಳೆ ಜೋರಾದ್ರೆ ಹಾಜರಿ ಕಡಿಮೆ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ. ಹೌದಾ ಅಲ್ವಾ, ನೋಡಿಯೇ ಬಿಡ್ವಾ!’

ಬಿ.ಎಸ್ಸಿ. ಎರಡನೇ ವರ್ಷದ ತರಗತಿ. ಕಾಲೇಜಿನ ಮಾಡಿನ ಮೇಲೆ ಬಾಟಲಿಗೆ ಲಾಳಿಕೆ ಸಿಕ್ಕಿಸಿ ಮಳೆ ಅಳೆಯುವುದಕ್ಕೆ ಇಟ್ಟರು. ಚಾರ್ಟ್ ಹಾಳೆಗಳನ್ನು ಅಂಟಿಸಿ ಗೋಡೆಯಗಲದ ಒಂದು ನಕ್ಷೆ ಮಾಡಿದರು. ಮೇಲ್ಗಡೆ ಮಳೆ, ಜೋರು ಮಳೆಯ ದಿನಕ್ಕೆ ಎತ್ತರದ ಕಂಬ. ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು, ಎಡಕ್ಕೆ ಹೆಸರು. ಕಾಲೇಜಿಗೆ ಬಂದ ದಿನದ ಚೌಕಕ್ಕೆ ಬಣ್ಣ, ಬಾರದ ದಿನದ ಚೌಕ ಬಿಳಿ. ಬಣ್ಣ ನೀಲಿ ಎಂದು ನನ್ನ ನೆನಪು. ನಾಯ್ಕ ಸರ್ ಒಮ್ಮೆ ಹಸಿರು ಎಂದರು.

ನಕ್ಷೆ ಶುರುವಾದ ವಾರ ನಾನು ಅಲ್ಲಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಹೆಸರಿನ ಬದಲು ರೋಲ್ ನಂಬರ್ ಹಾಕಬಹುದಾ?’ ಎಂದು ಕೇಳಿದಳು. ನಾಯ್ಕ ಸರ್ ನನ್ನ ಕಡೆ ನೋಡಿದರು. ತರಬೇತಿಯಲ್ಲಿ ಹೇಳಿದ್ದನ್ನೇ ನಾನು ಹೇಳಿದೆ: ‘ಹೆಸರಿದ್ದರೆ ಅಂಕಿಗೆ ಜೀವ ಬರ್ತದೆ. ನಿಮ್ಮನ್ನು ನೀವೇ ಅಲ್ಲಿ ಕಾಣ್ತೀರಿ.’ ಹುಡುಗಿ ಕೂತಳು. ಅಕ್ಕಪಕ್ಕದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನದನ್ನು ಸಂಕೋಚ ಎಂದುಕೊಂಡೆ. ಕೇಳಿದವಳು ಸವಿತಾ ಎಂದು ಆಮೇಲೆ ತಿಳಿಯಿತು. ಇಡಗುಂಜಿಗಿಂತ ಆಚೆಯ ಹಳ್ಳಿಯವಳು, ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು.

ಆಗಸ್ಟಿನಲ್ಲಿ ನನಗೆ ಜ್ವರ. ಆಮೇಲೆ ಕುಮಟೆಯಲ್ಲಿ ಪರೀಕ್ಷೆ. ಚೌತಿ ಕಳೆದು ನವರಾತ್ರಿ ಹತ್ತಿರ ಬರುವವರೆಗೂ ಹೊನ್ನಾವರಕ್ಕೆ ಹೋಗಲಾಗಲಿಲ್ಲ. ಹೋದ ದಿನ ಮಳೆ ಬಿಟ್ಟುಬಿಟ್ಟು ಬರುತ್ತಿತ್ತು, ಶರಾವತಿಯ ಸೇತುವೆಯ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಗಳು ಹೊಡೆದುಕೊಳ್ಳುತ್ತಿದ್ದವು. ತರಗತಿಯಲ್ಲಿ ಯಾರೂ ಇರಲಿಲ್ಲ. ನಾಯ್ಕ ಸರ್ ನನ್ನನ್ನು ನೇರ ಗೋಡೆಯ ಮುಂದೆ ನಿಲ್ಲಿಸಿ, ಮಗನ ಮದುವೆ ಮಂಟಪ ತೋರಿಸುವವರ ಹಾಗೆ ಕೈ ಚಾಚಿದರು.

‘ನೋಡಿ ಮೇಡಂ. ಹುಡುಗರದ್ದು ಸರಿಯಾಗಿ ಬಂದಿದೆ. ಮಳೆ ಎಲ್ಲೆಲ್ಲಿ ಏರಿದ್ಯೋ ಅಲ್ಲಲ್ಲಿ ಬಿಳಿ. ಹೊಳೆ ದಾಟಿ ಬರೋರು ತಪ್ಪಿಸಿದ್ದಾರೆ, ಪೇಟೆಯವರು ಬಂದಿದ್ದಾರೆ. ಆದ್ರೆ ಹುಡುಗಿಯರದ್ದು ಎಂತ ಅಂತಲೇ ಗೊತ್ತಾಗೂದಿಲ್ಲ ಮಾರಾಯ್ರೆ! ಕೆಲವರದ್ದು ಮಳೆಗೂ ತಾಳೆ ಇಲ್ಲ, ಬಿಸಿಲಿಗೂ ತಾಳೆ ಇಲ್ಲ. ಹಾಗಂತ ಅಡ್ಡಾದಿಡ್ಡಿಯೂ ಅಲ್ಲ. ಒಂದು ಕ್ರಮ ಇದೆ. ನೋಡಿ, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ನಾನು ಮೂರು ವಾರದಿಂದ ತಲೆ ಕೆಡಿಸ್ಕೊಂಡಿದ್ದೇನೆ.’

ನನಗೆ ಒಂದೇ ನೋಟ ಸಾಕಾಯಿತು. ಹೆಸರಿನ ಕೆಳಗೆ ಹೆಸರು, ತಿಂಗಳಿಗೊಮ್ಮೆ ಒಂದಕ್ಕೊಂದು ಅಂಟಿಕೊಂಡ ಬಿಳಿ ಚೌಕಗಳು. ಮನೆಯಲ್ಲಿ ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿ ಇರುವ ಮನೆಗಳ ಹುಡುಗಿಯರು ಆ ದಿನಗಳಲ್ಲಿ ಕಾಲೇಜಿಗೂ ಬರುತ್ತಿರಲಿಲ್ಲ. ಅದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಯಾರು, ಯಾವಾಗ ಎನ್ನುವುದು ತಾಯಂದಿರ ನಡುವೆ ಪಿಸುಮಾತಿನಲ್ಲಿ ಇರುವಂಥದ್ದು. ಅದನ್ನು ಗೋಡೆಯಗಲ ಬರೆದು, ಬಣ್ಣ ತುಂಬಿ, ಹೆಸರು ಹಾಕಿ, ಗಂಡುಹುಡುಗರ ಬೆಂಚಿನ ಎದುರು ಅಂಟಿಸಿದ್ದೆವು. ಹುಡುಗಿಯರು ದಿನಾ ಅದರ ಕೆಳಗೆ ಕೂತು ಪಾಠ ಕೇಳುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು.

ಆಗ ಸವಿತಾಳ ಸಾಲು ಕಣ್ಣಿಗೆ ಬಿತ್ತು. ಜೂನ್, ಜುಲೈಯಲ್ಲಿ ಬಿಳಿ ಇತ್ತು. ಆಮೇಲೆ ಇಲ್ಲ. ಆಗಸ್ಟ್ ತುಂಬ ಬಣ್ಣ, ಸೆಪ್ಟೆಂಬರ್ ತುಂಬ ಬಣ್ಣ. ಸಾಲಿನ ಕೊನೆಗೆ ಯಾರೋ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅದರ ಮೇಲೆ ಮತ್ತೊಬ್ಬರು ಒತ್ತಿ ತಿದ್ದಿದ್ದರು.

‘ಇದು ಯಾರು ಹಾಕಿದ್ದು?’ ಎಂದೆ.

‘ಯಾರೋ ಹುಡುಗರಿಗೆ ಡೌಟ್ ಬಂದಿದೆ ಮೇಡಂ’ ಎಂದು ನಾಯ್ಕ ಸರ್ ಹಿಗ್ಗಿದರು. ‘ಒಳ್ಳೇದೇ ಅಲ್ವಾ? ಮೊದಲೆಲ್ಲ ಒಬ್ರಾದ್ರೂ ಡೌಟ್ ಕೇಳ್ತಿದ್ರಾ?’

ನಾನು ಬಾಗಿಲು ಮುಂದೆ ಮಾಡಿ ಬಂದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಪೂರ್ತಿ ಹೇಳಲಿಲ್ಲ ಅನ್ನುವುದು ಮಾತ್ರ ಗೊತ್ತು. ‘ಸರ್, ತಿಂಗಳಿಗೊಮ್ಮೆ. ಹೆಂಗಸರು. ಕೂರೂದು’ ಎಂದಿರಬೇಕು. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಗೋಡೆಯನ್ನು. ಒಂದೊಂದೇ ಸಾಲಿನ ಮೇಲೆ ಅವರ ಕಣ್ಣು ಹೋಗುತ್ತಿದ್ದುದನ್ನು ಕಂಡೆ. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿಕೊಂಡಿತು. ಹಿಂದಕ್ಕೆ ಸರಿದು ಬೆಂಚಿಗೆ ಕಾಲು ತಾಗಿ ಅಲ್ಲೇ ಕೂತರು.

‘ಅಯ್ಯೋ ದೇವರೇ. ನಾ ಇದನ್ನ ಪ್ರಿನ್ಸಿಪಾಲರಿಗೆ ಕರ್ಕೊಂಡು ಬಂದು ತೋರಿಸಿದ್ದೇನೆ ಮೇಡಂ.’

ಬೆಂಚಿನ ಮೇಲಿಂದಲೇ ಮತ್ತೆ ಹೇಳಿದರು: ‘ನಮ್ಮನೇಲಿ ಹೀಗೆಲ್ಲ ಇಲ್ಲ. ನಮ್ಮ ಅವ್ವಿ ಒಂದು ದಿನ ನಟ್ಟಿ ಬಿಟ್ಟು ಕೂತದ್ದು ನಾ ಕಂಡಿಲ್ಲ. ಗದ್ದೇಲಿ ನೆಡ್ಲಿಕ್ಕೆ ಅಗೆ ಇಟ್ಕೊಂಡು ಯಾರು ಕೂರ್ತಾರೆ? ನಂಗೆ ಹೊಳೀಲೇ ಇಲ್ಲ.’

ಅವರು ಎದ್ದು ನಕ್ಷೆಯನ್ನು ಕಿತ್ತರು. ಅಂಟು ಬಲವಾಗಿತ್ತು, ಗೋಡೆಯ ಸುಣ್ಣ ಸಮೇತ ಬಂತು. ನಾಲ್ಕಾಗಿ, ಎಂಟಾಗಿ ಮಡಿಸಿ ಎದೆಗೆ ಅವುಚಿಕೊಂಡು ನಿಂತರು. ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆಮೇಲೆ ಅದನ್ನು ಅವರೇ ಸುಟ್ಟರಂತೆ. ಆದರೆ ಓದಬೇಕಾದವರೆಲ್ಲ ಆಗಲೇ ಓದಿ ಮುಗಿಸಿದ್ದರು.

ಸವಿತಾ ನನಗಾಗಿ ಲೈಬ್ರರಿಯ ಜಗುಲಿಯಲ್ಲಿ ಕಾಯುತ್ತಿದ್ದಳು. ಪುಸ್ತಕ ಎದೆಗೊತ್ತಿ ಹಿಡಿದಿದ್ದಳು. ಪೀಠಿಕೆ ಏನೂ ಇಲ್ಲ.

‘ಮೇಡಂ, ನನ್ನ ಸಾಲು ನೋಡಿದ್ರಿ ಅಲ್ವಾ?’

‘ನೋಡಿದೆ.’

‘ನಿಮಗೂ ಹಾಗೇ ಅನಿಸ್ತಾ?’

ಇಲ್ಲ ಎನ್ನಬೇಕೆಂದುಕೊಂಡೆ. ಆದರೆ ಗೋಡೆಯ ಮುಂದೆ ನಿಂತಾಗ ನನ್ನ ಮನಸ್ಸೂ ಹೋದದ್ದು ಅಲ್ಲಿಗೇ. ಸಂಖ್ಯಾಶಾಸ್ತ್ರ ಓದಿದವಳು ನಾನು. ಒಂದು ಸಾಲಿನಲ್ಲಿ ಬಿಳಿ ನಿಂತುಹೋದರೆ ಅದಕ್ಕೆ ಹತ್ತು ಕಾರಣ ಇರಬಹುದೆಂದು ಮಕ್ಕಳಿಗೆ ಕಲಿಸುವವಳು. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ ಕಾರಣ. ‘ಒಂದು ಕ್ಷಣ’ ಎಂದೆ.

‘ಒಂದು ಕ್ಷಣ!’ ಎಂದು ಅವಳು ನಕ್ಕಳು. ‘ಹಿಂದಿನ ಬೆಂಚಿನ ಹುಡುಗ್ರು ಒಂದು ತಿಂಗಳಿಂದ ಹೇಳ್ತಿದ್ದಾರೆ. ನಾನು ಬಾಗಿಲಲ್ಲಿ ಬಂದ್ರೆ ಯಾರಾದ್ರೂ ಒಬ್ಬ ಹುಣಸೆಹಣ್ಣು ಬೇಕಾ ಅಂತ ಕೇಳ್ತಾನೆ.’

ಅವಳು ಹೇಳಿದ ಸಂಗತಿ ಸರಳವಾಗಿತ್ತು. ಮನೆಯಿಂದ ಮಳೆಗಾಲದಲ್ಲಿ ಬಸ್ಸಿನ ಭರವಸೆ ಇಲ್ಲ. ಹಿಂದಿನ ವರ್ಷ ಹಾಜರಿ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದಿದ್ದರು. ಹಾಗಾಗಿ ಆಗಸ್ಟಿನಿಂದ ಅವಳು ಹೊನ್ನಾವರ ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಪ್ಪನ ತಮ್ಮನ ಹೆಂಡತಿ, ಹೈಸ್ಕೂಲಿನಲ್ಲಿ ಹೊಲಿಗೆ ಟೀಚರು. ಎರಡು ಕೋಣೆಯ ಬಾಡಿಗೆ ಮನೆ.

‘ಚಿಕ್ಕಮ್ಮನ ಮನೇಲಿ ಯಾರೂ ಕೂರೂದಿಲ್ಲ ಮೇಡಂ. ನಾನು ಹೋದ ಮೊದಲ ತಿಂಗಳೇ ಹೇಳಿದ್ಲು, “ಇಲ್ಲಿ ಅದೆಲ್ಲ ಇಲ್ಲೆ ಕೂಸೆ, ಮಿಂದ್ಕಂಡು ಕಾಲೇಜಿಗೆ ಹೋಗು” ಹೇಳಿ. ನಂಗೆ ಮೊದಲ ದಿನ ಅಡಿಗೆ ಒಲೆ ಹತ್ರ ಹೋಗ್ಲಿಕ್ಕೂ ಆಗ್ಲಿಲ್ಲ. ಎರಡನೇ ದಿನ ದೋಸೆ ಹೊಯ್ದೆ.’ ಹೇಳುವಾಗ ಅವಳ ಮುಖದಲ್ಲಿ ಏನೋ ಬೆಳಕು ಬಂತು. ಬಂದಷ್ಟೇ ಬೇಗ ಹೋಯಿತು.

‘ಮನೆಯಲ್ಲಿ ಗೊತ್ತಾ?’

‘ಗೊತ್ತಾದ್ರೆ ಅಜ್ಜಿ ಆ ಮನೆ ನೀರು ಮುಟ್ಟೂದಿಲ್ಲ. ನನ್ನ ಅಲ್ಲಿ ಇರ್ಲಿಕ್ಕೂ ಬಿಡೂದಿಲ್ಲ. ಈಗ ನೀವೇ ಹೇಳಿ. ಬಾಯಿ ಬಿಟ್ರೆ ಕಾಲೇಜು ಹೋಗ್ತದೆ. ಬಿಡದಿದ್ರೆ ಹೆಸರು ಹೋಗ್ತದೆ.’

‘ಯೋಚನೆ ಮಾಡೋಣ’ ಎಂದೆ. ಅವಳು ತಲೆಯಾಡಿಸಿದಳು. ದೊಡ್ಡವರು ಯೋಚನೆ ಮಾಡೋಣ ಎಂದರೆ ಏನರ್ಥ ಎಂದು ಅವಳಿಗೆ ಗೊತ್ತಿತ್ತು.

ಆ ವಾರ ವಿಶ್ವವಿದ್ಯಾಲಯಕ್ಕೆ ಕೊಡಬೇಕಾದ ವರದಿಯಲ್ಲಿ, ವಿದ್ಯಾರ್ಥಿಗಳ ಅಂಕಿ ಬಳಸುವಾಗ ಹೆಸರು ಹಾಕಬಾರದು ಎಂದು ಬರೆದೆ. ಬರೆದು ಓದಿದರೆ ಎಷ್ಟು ಪುಟ್ಟ ವಾಕ್ಯ ಅದು. ಹೆಸರು ತೆಗೆದಿದ್ದರೂ ಅಷ್ಟು ಸಣ್ಣ ತರಗತಿಯಲ್ಲಿ ಯಾವ ಸಾಲು ಯಾರದೆಂದು ಎರಡೇ ದಿನದಲ್ಲಿ ತಿಳಿಯುತ್ತಿತ್ತು. ಭಟ್ಕಳದಲ್ಲಿ ಇಕ್ಬಾಲ್ ಸರ್‌ಗೆ ಹೆಸರು, ಊರು ಮರೆಮಾಡಿ ಸಂಗತಿ ಹೇಳಿದೆ. ಅವರು ಈ ಸಲ ನಗಲಿಲ್ಲ. ‘ಆ ಹುಡುಗಿ ಕಾಲೇಜಿಗೆ ಬರ್ತಾ ಇದ್ದಾಳಾ?’ ಎಂದು ಮಾತ್ರ ಕೇಳಿದರು. ಬರುತ್ತಿದ್ದಾಳೆ ಎಂದೆ. ‘ಹಾಗಾದ್ರೆ ಅದೊಂದು ನೋಡ್ಕೊಳ್ಳಿ. ಬೇರೆ ಎಲ್ಲ ಆಮೇಲೆ.’

ಮುಂದಿನ ವಾರ ನಾನು ಹೊನ್ನಾವರದ ಸ್ಟಾಫ್ ರೂಮಿಗೆ ಕಾಲಿಡುವಾಗ ಸವಿತಾಳ ಅಪ್ಪ ಅಲ್ಲಿದ್ದರು. ತೆಳ್ಳಗಿನ, ಎತ್ತರದ ಮನುಷ್ಯ. ಪಂಚೆಯ ಅಂಚು ಕೆಸರಾಗಿತ್ತು, ಹೆಗಲ ಮೇಲೆ ಶಾಲು. ಕೂರಿ ಎಂದರೂ ಕೂತಿರಲಿಲ್ಲ. ನಾಯ್ಕ ಸರ್ ಮೇಜಿನ ಆಚೆ ನಿಂತು ಡಸ್ಟರನ್ನು ಆ ಕೈಯಿಂದ ಈ ಕೈಗೆ ಮಾಡುತ್ತಿದ್ದರು. ಸವಿತಾ ಗೋಡೆಗೆ ಒರಗಿದ್ದಳು. ಬೇರೆ ಯಾರೂ ಇಲ್ಲ.

‘ಪೇಟೆಲಿ ಒಬ್ರು ನನ್ನ ಕೇಳಿದ್ರು ಮೇಡಂ’ ಎಂದರು ಅಪ್ಪ, ನನ್ನನ್ನು ಕಂಡದ್ದೇ. ಹೆಂಗಸೊಬ್ಬಳು ಬಂದದ್ದು ಅವರಿಗೆ ಅನುಕೂಲವಾಯಿತೆಂದು ಕಾಣುತ್ತದೆ. ‘ಮಗಳು ಹುಷಾರಿದ್ದಾಳಾ ಅಂತ. ಅದು ಹುಷಾರು ಕೇಳೋ ದನಿ ಅಲ್ಲ. ಇಲ್ಲಿ ಗೋಡೆ ಮೇಲೆ ಎಂತದೋ ಬರೆದಿದ್ರಂತೆ. ಅಜ್ಜಿ ಕಿವಿಗೆ ಇನ್ನೂ ಬಿದ್ದಿಲ್ಲ. ಬಿದ್ರೆ ಇವಳ ಕಾಲೇಜು ಅಲ್ಲಿಗೆ ಮುಗೀತು. ನಂಗೆ ಒಂದೇ ತಿಳೀಬೇಕು. ಹೌದಾ ಅಲ್ವಾ?’

‘ಅದು ಮಳೆ ಮತ್ತು ಹಾಜರಿಯ ಲೆಕ್ಕ’ ಎಂದು ನಾಯ್ಕ ಸರ್ ಶುರು ಮಾಡಿದರು. ‘ಅಂಕಿಅಂಶ ಅಂದ್ರೆ, ಅದರಿಂದ ನೇರವಾಗಿ ಹೀಗೇ ಅಂತ...’

‘ನಂಗೆ ಲೆಕ್ಕ ತಿಳಿಯೂದಿಲ್ಲ ಸರ್.’

‘ಅಪ್ಪಾ’ ಎಂದಳು ಸವಿತಾ.

ಅವರು ತಿರುಗಲಿಲ್ಲ.

‘ಅಪ್ಪಾ, ನಂಗೆ ತಿಂಗ್ಳು ತಿಂಗ್ಳು ಸರಿಯಾಗೇ ಆಗ್ತು. ಆನು ಕೂರ್ತಿಲ್ಲೆ, ಅಷ್ಟೇಯ. ಚಿಕ್ಕಮ್ಮನ ಮನೇಲಿ ಯಾರೂ ಕೂರ್ತ್ವಿಲ್ಲೆ.’

ಗಂಡಸರ ಎದುರು, ಹಗಲು ಹೊತ್ತಿನಲ್ಲಿ, ಸ್ಟಾಫ್ ರೂಮಿನಲ್ಲಿ ಒಂದು ಹುಡುಗಿ ಆ ಮಾತನ್ನು ಬಾಯಿಬಿಟ್ಟು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಯ್ಕ ಸರ್ ಕಿಟಕಿಯ ಕಡೆ ತಿರುಗಿ ನಿಂತರು, ಹೊರಗೆ ಏನೋ ಇದ್ದ ಹಾಗೆ. ಅಪ್ಪ ಮೆಲ್ಲಗೆ ಕುರ್ಚಿಯ ಬೆನ್ನು ಹಿಡಿದು ಕೂತರು. ಶಾಲಿನಿಂದ ಮುಖ ಒರೆಸಿಕೊಂಡರು. ಎರಡು ಸಲ, ಮೂರು ಸಲ. ಅತ್ತರೋ ಎಂದು ನನಗೆ ಅನುಮಾನ. ಅಳಲಿಲ್ಲವೆಂದು ನಾಯ್ಕ ಸರ್ ಹೇಳುತ್ತಾರೆ. ‘ಸದ್ಯ’ ಎಂದು ಒಮ್ಮೆ ಅಂದದ್ದು ಮಾತ್ರ ಇಬ್ಬರಿಗೂ ಕೇಳಿದೆ.

ಆ ಸಮಾಧಾನ ಅವರ ಮುಖದಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮಗಳು ಹೇಳಿದ್ದರ ಎರಡನೆಯ ಅರ್ಧ ಅವರನ್ನು ಆಗಷ್ಟೇ ಮುಟ್ಟಿತು.

‘ಕೂರ್ತ್ವಿಲ್ಯ?’ ಎಂದರು. ‘ಎಲ್ಲಾ ಬೆರೆಸ್ತ್ವ ಅಲ್ಲಿ? ಒಲೆ, ನೀರು, ದೇವರ ಗೂಡು, ಎಲ್ಲ?’

‘ದೇವರ ಗೂಡು ಮುಟ್ತಿಲ್ಲೆ.’

‘ಅಲ್ಲಿಂದ ನಮ್ಮನೆಗೆ ಚೌತಿಗೆ ಬಂದು ಪಂಚಕಜ್ಜಾಯ ಹಂಚಿದ್ದೆ ನೀನು!’

‘ಚೌತಿಗೆ ಇರ್ಲಿಲ್ಲೆ ಅಪ್ಪಾ. ಮೊದ್ಲೇ ಆಗಿತ್ತು.’

ಅವರು ಎದ್ದರು. ಕೂಗಲಿಲ್ಲ. ಕೂಗಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ. ‘ಪುಸ್ತಕ ತಗ. ನಡಿ ಮನೆಗೆ.’

ಸವಿತಾ ಅಲುಗಾಡಲಿಲ್ಲ. ನನ್ನ ಕಡೆ ನೋಡಿದಳು. ‘ಮೇಡಂ, ನೀವು ಹೇಳಿ.’

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ದನಿ ಅದು. ‘ನೀವು ದೊಡ್ಡ ಓದು ಓದಿದವ್ರು ಮೇಡಂ. ಒಂದು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. ನಿಮ್ಮನೇಲಿ ನೀವು ಕೂರೂದಿಲ್ವಾ?’

ಮಳೆ ಒಮ್ಮೆಲೇ ಜೋರಾಯಿತೋ, ನನಗೆ ಹಾಗೆ ಕೇಳಿತೋ, ಗೊತ್ತಿಲ್ಲ. ಮೂರು ತಿಂಗಳಿಂದ ನಾನು ನಿಜವಾದ ಅಂಕಿ ತನ್ನಿ, ನಿಮ್ಮ ಸುತ್ತಲಿನದ್ದೇ ತನ್ನಿ ಎಂದು ಊರೂರಿಗೆ ಹೇಳಿಕೊಂಡು ಬಂದಿದ್ದೆ. ನನ್ನ ಅಂಕಿಯೇನೆಂದು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಹೊಳನಗದ್ದೆಯ ನಮ್ಮ ಮನೆಯಲ್ಲಿ ಹಿತ್ತಿಲ ಕಡೆಯ ಚಿಕ್ಕ ಜಗುಲಿಯಲ್ಲಿ ನನ್ನ ಚಾಪೆ, ನನ್ನ ತಟ್ಟೆ, ನನ್ನ ಲೋಟ ಬೇರೆ ಇದ್ದವು. ತಿಂಗಳಿಗೊಮ್ಮೆ ನಾನು ಅಲ್ಲಿ ಕೂರುತ್ತಿದ್ದೆ. ಅಲ್ಲೇ ಕೂತು ಸಂಖ್ಯಾಶಾಸ್ತ್ರದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕಾಲೇಜಿಗೆ ಮಾತ್ರ ಹೋಗುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಅತ್ತೆಯೇ ಹೇಳಿದ್ದರು, ‘ಸಂಬಳದ ಕೆಲಸಕ್ಕೆ ಮೈಲಿಗೆ ಇಲ್ಲ, ಹೋಗಿ ಬಾ’ ಎಂದು. ಅದು ನನಗೆ ದೊಡ್ಡ ಉದಾರತೆಯಾಗಿ ಕಂಡಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಇದ್ದವಳು ಇದನ್ನು ಯಾವಾಗ, ಹೇಗೆ ಒಪ್ಪಿಕೊಂಡೆ ಎಂದು ನನ್ನನ್ನು ನಾನೇ ಕೇಳಿಕೊಂಡೂ ಇರಲಿಲ್ಲ.

ಸವಿತಾ ನನ್ನ ಬಾಯನ್ನೇ ನೋಡುತ್ತಿದ್ದಳು. ಇಲ್ಲ ಎನ್ನುವ ಒಂದು ಶಬ್ದಕ್ಕೆ ಅವಳು ಕಾಯುತ್ತಿದ್ದಳು.

‘ಕೂರ್ತೇನೆ’ ಎಂದೆ.

ಅವಳ ಕಣ್ಣಿನಲ್ಲಿ ಆದದ್ದನ್ನು ನಾನು ಕಂಡೆ. ಆದರೂ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವಳು ಆ ದಿನವೇ ಇಡಗುಂಜಿಯ ಬಸ್ಸು ಹತ್ತಬೇಕಾಗಿತ್ತು. ‘ಕೂರ್ತೇನೆ, ಆದ್ರೆ ಕಾಲೇಜು ತಪ್ಪಿಸೂದಿಲ್ಲ. ಹಗಲು ಬಂದು ಪಾಠ ಮಾಡ್ತೇನೆ, ಸಂಜೆ ಮನೆಗೆ ಹೋಗಿ ಕೂರ್ತೇನೆ. ನಮ್ಮ ಅತ್ತೆಯೇ ಹಾಗೆ ಹೇಳಿದ್ದು.’

‘ನಿಮ್ಮ ಅತ್ತೆಯವ್ರು? ಅವರೇ ಹೇಳಿದ್ರಾ?’

‘ಹೌದು. ಹಳೇ ಕಾಲದವ್ರೇ.’

ಅಪ್ಪ ನೆಲ ನೋಡುತ್ತ ಯೋಚಿಸಿದರು. ಅವರಿಗೆ ಬೇಕಾದದ್ದು ಸಿಕ್ಕಿತೆಂದು ನನಗೆ ಗೊತ್ತಾಯಿತು. ಮನೆಗೆ ಹೋಗಿ ತಾಯಿಯ ಎದುರು ನಿಂತು ಹೇಳಬಹುದಾದ ಒಂದು ಮಾತು: ಕುಮಟೆಯ ಲೆಕ್ಚರರ್ ಮನೆಯಲ್ಲೂ ಹೀಗೇ.

‘ಹಂಗಾದ್ರೆ ಆತು’ ಎಂದರು. ‘ಹಗಲು ಇಲ್ಲಿಗೆ ಬರ್ಲಿ. ಅಲ್ಲಿ ಮನೇಲಿ ಕ್ರಮ ಪ್ರಕಾರ ಕೂರ್ಲಿ. ನಾನು ಈಗ್ಲೇ ಹೋಗಿ ತಮ್ಮನ ಹೆಂಡ್ತಿಗೆ ಹೇಳಿ ಹೋಗ್ತೇನೆ.’ ಕೈ ಮುಗಿದರು. ‘ನೀವು ನಿಜ ಹೇಳಿದ್ದು ದೊಡ್ಡ ಉಪಕಾರ ಆತು ಮೇಡಂ.’ ಮಗಳ ತಲೆ ಮೇಲೆ ಒಮ್ಮೆ ಕೈ ಇಟ್ಟು, ಬಾಗಿಲ ಹೊರಗೆ ಕೊಡೆ ಬಿಚ್ಚಿ ಮಳೆಯಲ್ಲಿ ಇಳಿದು ಹೋದರು.

ನಾಯ್ಕ ಸರ್ ಕಿಟಕಿಯಿಂದ ತಿರುಗಿ, ‘ಗೆದ್ವಿ ಮೇಡಂ!’ ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಿಜ, ಗೆದ್ದಿದ್ದೆವು. ಸವಿತಾ ಆ ವರ್ಷ ಪರೀಕ್ಷೆ ಬರೆದಳು, ಪದವಿ ಮುಗಿಸಿದಳು, ತರಗತಿಗೆ ಮೊದಲಿಗಳಾಗಿಯೇ ಮುಗಿಸಿದಳು. ಅಪ್ಪ ಪೇಟೆಯಲ್ಲಿ ಏನು ಹೇಳಿದರೋ, ಹಿಂದಿನ ಬೆಂಚಿನ ಬಾಯಿಗಳೂ ಮುಚ್ಚಿದವು. ಮುಂದಿನ ಎಷ್ಟೋ ತರಬೇತಿಗಳಲ್ಲಿ ಇದನ್ನು ನಾನು ಗೆಲುವಿನ ಕತೆಯಾಗಿ ಹೇಳಬಹುದಿತ್ತು.

ನಾನು ಕಾರಿಡಾರಿಗೆ ಬಂದಾಗ ಅವಳು ಕಂಬಕ್ಕೆ ಆತುಕೊಂಡು ಅಪ್ಪ ಹೋದ ದಾರಿಯನ್ನೇ ನೋಡುತ್ತಿದ್ದಳು.

‘ಕಾಲೇಜು ಉಳೀತು ಸವಿತಾ’ ಎಂದೆ.

‘ಹೌದು ಮೇಡಂ. ಥ್ಯಾಂಕ್ಸ್.’

ಆಮೇಲೆ, ಮಳೆಗೆ ಹೇಳುವ ಹಾಗೆ, ನನ್ನ ಕಡೆ ನೋಡದೆ ಹೇಳಿದಳು: ‘ಚಿಕ್ಕಮ್ಮ ಅಜ್ಜಿ ಜೊತೆ ಏನೇನೋ ನೆಪ ತೆಗೆದು ಆರು ವರ್ಷ ಜಗಳ ಆಡಿ ಬೇರೆ ಮನೆ ಮಾಡಿದ್ದು ಒಳಗೊಳಗೆ ಇದಕ್ಕೇ ಮೇಡಂ. ಇನ್ನು ನಾನು ಅಲ್ಲಿ ಕೂರಬೇಕು. ನಾನು ಕೂತು ಅವಳು ಕೂರದಿದ್ರೆ ಅಪ್ಪ ಬಿಡ್ತಾರಾ? ಅವಳೂ ಕೂರಬೇಕು. ಇರೋದೇ ಎರಡು ಕೋಣೆ.’

ಬೆಲ್ಲು ಹೊಡೆಯಿತು. ಅವಳು ದಾವಣಿ ಸರಿಮಾಡಿಕೊಂಡು ತರಗತಿಯ ಒಳಗೆ ಹೋದಳು.